ಮರಳಿಗೆ ನೀರು ಬೆರೆತ ಬಗೆ

1870ರ ಅಕ್ಟೋಬರ್ 18ರಂದು ಅಮೆರಿಕದ ಪೇಟೆಂಟ್ ಕಚೇರಿ ಫಿಲಡೆಲ್ಫಿಯಾದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ ಅವರಿಗೆ 108,408ನೇ ಸಂಖ್ಯೆಯ ಪೇಟೆಂಟ್ ಕೊಟ್ಟಿತು. ಕಲ್ಲು, ಲೋಹ, ಗಾಜುಗಳನ್ನು ಮರಳಿನಿಂದ ಕೊರೆಯುವ ಮತ್ತು ಕೆತ್ತುವ ವಿಧಾನ ಅದು. ಮರಳನ್ನು ರಭಸದಿಂದ ಎಸೆದರೆ ಅದು ಉಳಿಯ ಕೆಲಸ ಮಾಡುತ್ತದೆ ಎಂಬುದು ಅದರ ತಿರುಳು. ಎಸೆಯಲು ಹಬೆಯನ್ನು ಬಳಸಬಹುದು, ಗಾಳಿಯನ್ನು ಬಳಸಬಹುದು, ನೀರನ್ನೂ ಬಳಸಬಹುದು ಎಂದು ಟಿಲ್ಗ್‌ಮನ್ ಬರೆದಿದ್ದರು. ಜೋರಾಗಿ ತಿರುಗುವ ರೆಕ್ಕೆಗಳಿಂದ ಮರಳನ್ನು ಚಿಮ್ಮಿಸಿದರೂ ಆದೀತು ಎಂದೂ ಸೇರಿಸಿದ್ದರು.

ಇಂದು ‘ವೆಟ್ ಬ್ಲಾಸ್ಟಿಂಗ್’, ‘ವೇಪರ್ ಬ್ಲಾಸ್ಟಿಂಗ್’, ‘ಸ್ಲರಿ ಬ್ಲಾಸ್ಟಿಂಗ್’ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಯಂತ್ರಗಳನ್ನು ಹೊಸ ಕಾಲದ ಕೊಡುಗೆ ಎಂದೇ ಹಲವರು ತಿಳಿದಿದ್ದಾರೆ. ಆದರೆ ನೀರು ಮೊದಲ ಕಾಗದದಲ್ಲೇ ಇತ್ತು. ಅದು ಯಂತ್ರದೊಳಗೆ ನೆಲೆಯೂರಲು ಮುಕ್ಕಾಲು ಶತಮಾನ ಬೇಕಾಯಿತು. ಆ ಅವಧಿಯಲ್ಲಿ ಒಣ ಮರಳಿನ ದೂಳು ಎಷ್ಟೋ ಜನರ ಎದೆಗೂಡನ್ನು ತಿಂದುಹಾಕಿತು. ಕೊನೆಗೆ ನೀರು ಬಂದಾಗಲೂ ಬಹುಪಾಲು ಕಡೆ ಅದನ್ನು ಕರೆತಂದದ್ದು ದುಡಿಯುವವರ ಉಸಿರಿನ ಕಾಳಜಿಯಲ್ಲ, ಲೋಹದ ಮೇಲ್ಮೈ ನಯವಾಗಬೇಕೆಂಬ ಕಾಳಜಿ. ಈ ಯಂತ್ರದ ಚರಿತ್ರೆಯನ್ನು ಓದುವಾಗ ಈ ಮಾತನ್ನು ಮರೆಯುವಂತಿಲ್ಲ.

ಟಿಲ್ಗ್‌ಮನ್ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪಡೆಯಲ್ಲಿ ಹೋರಾಡಿದವರು. 1863ರ ಚಾನ್ಸಲರ್ಸ್‌ವಿಲ್ ಕದನದಲ್ಲಿ ಗಾಯಗೊಂಡು, ಆಮೇಲೆ ಕಪ್ಪು ಸೈನಿಕರ ಮೂರನೇ ರೆಜಿಮೆಂಟಿನ ಮುಂದಾಳಾದರು. ಅವರ ಸಹೋದರ ರಿಚರ್ಡ್ ರಸಾಯನಶಾಸ್ತ್ರಜ್ಞ. ಮರದ ತಿರುಳನ್ನು ಸಲ್ಫೈಟ್ ದ್ರಾವಣದಲ್ಲಿ ಬೇಯಿಸಿ ಕಾಗದಕ್ಕೆ ಒದಗಿಸುವ ವಿಧಾನಕ್ಕೆ ಮೊದಲ ಪೇಟೆಂಟ್ ಪಡೆದದ್ದೂ ಈ ಸಹೋದರರೇ. ಮರುಭೂಮಿಯ ಗಾಳಿಗೆ ಸಿಕ್ಕ ಕಿಟಕಿಯ ಗಾಜು ಮಬ್ಬಾಗಿದ್ದನ್ನು ಕಂಡು ಟಿಲ್ಗ್‌ಮನ್‌ರಿಗೆ ಮರಳಿನ ಉಪಾಯ ಹೊಳೆಯಿತು ಎಂಬ ಕಥೆ ಈ ಕಸುಬಿನವರ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ. ಕಥೆ ಏನೇ ಇರಲಿ, ಪ್ರಯೋಗಗಳಂತೂ ಜನರನ್ನು ಬೆರಗುಗೊಳಿಸಿದವು. 300 ಪೌಂಡ್ ಒತ್ತಡದ ಹಬೆ ತಳ್ಳಿದ ಸಾಮಾನ್ಯ ಮರಳು ಒಂದೂವರೆ ಇಂಚು ದಪ್ಪದ ಕುರುಂದದ ಕಲ್ಲಿನಲ್ಲಿ ಒಂದೂವರೆ ಇಂಚು ಅಗಲದ ತೂತನ್ನು 25 ನಿಮಿಷಗಳಲ್ಲಿ ಕೊರೆಯಿತು. ಕುರುಂದವೆಂದರೆ ವಜ್ರದ ನಂತರದ ಗಟ್ಟಿತನ. ಮರಳು ಅದಕ್ಕಿಂತ ಎಷ್ಟೋ ಮೆದು. ಮೆದು ವಸ್ತು ಗಟ್ಟಿ ವಸ್ತುವನ್ನು ಕೊರೆದದ್ದು ಬರೀ ವೇಗದ ಬಲದಿಂದ.

ಈ ಸುದ್ದಿಯನ್ನು ವಿಜ್ಞಾನದ ವೇದಿಕೆಗೆ ತಂದವರು ಜಾನ್ ಟಿಂಡಲ್. 1873ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ನಯಾಗರ ಜಲಪಾತದ ಬಗ್ಗೆ ಉಪನ್ಯಾಸ ಕೊಟ್ಟರು. ಜಲಪಾತದ ಮಾತಿನ ನಡುವೆ ಟಿಲ್ಗ್‌ಮನ್‌ರ ಮರಳು ಬಂತು. ಗಾಜನ್ನು ಪುಡಿಗಟ್ಟುವ ಮರಳಿನ ಮಳೆಗೆ ಬರಿಗೈಯನ್ನು ಒಡ್ಡಿದರೂ ಸಾಕಷ್ಟು ಹೊತ್ತು ತಡೆದುಕೊಳ್ಳಬಹುದು ಎಂದು ಅವರು ಸಭೆಗೆ ಹೇಳಿದರು. ಚರ್ಮ ಬಾಗಿ, ಕಣದ ಏಟನ್ನು ನುಂಗಿಕೊಂಡು ಹಿಂದಿರುಗಿಸುತ್ತದೆ. ಬಿರುಸಾದ ಗಾಜು ಬಾಗಲಾರದೆ ಒಡೆಯುತ್ತದೆ. ಅದೇ ಕಾರಣಕ್ಕೆ ಗಾಜಿನ ಮೇಲೆ ಒಂದು ತುಂಡು ಲೇಸ್ ಬಟ್ಟೆ ಹಾಸಿ ಮರಳು ಸುರಿಸಿದರೆ, ನೂಲಿದ್ದ ಕಡೆ ಗಾಜು ತಿಳಿಯಾಗಿಯೇ ಉಳಿದು, ನೂಲಿಲ್ಲದ ಕಡೆ ಮಬ್ಬಾಗಿ, ಲೇಸಿನ ಇಡೀ ಚಿತ್ತಾರ ಗಾಜಿಗೆ ಇಳಿಯುತ್ತದೆ. ಟಿಂಡಲ್‌ರ ಗುರಿ ಇದ್ದದ್ದು ಬೇರೆ: ನದಿಗಳು ಕಣಿವೆ ಕೊರೆಯುವುದು ಬರೀ ನೀರಿನಿಂದಲ್ಲ, ನೀರು ಹೊತ್ತು ತರುವ ಮರಳು ಮತ್ತು ಬೆಣಚುಕಲ್ಲುಗಳಿಂದ ಎಂದು ತೋರಿಸುವುದು. ಕನ್ನಡ ನಾಡಿನವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕನಕಪುರ ದಾಟಿ ಮೇಕೆದಾಟುವಿಗೆ ಹೋದರೆ, ಕಾವೇರಿ ಇಕ್ಕಟ್ಟಿನಲ್ಲಿ ನುಗ್ಗುವ ಕಡೆ ಬಂಡೆಯ ತುಂಬ ನುಣುಪಾದ ಗುಂಡನೆಯ ಕುಳಿಗಳಿವೆ. ಸುಳಿಯಲ್ಲಿ ಸಿಕ್ಕ ಕಲ್ಲು, ಮರಳು ಸಾವಿರಾರು ವರ್ಷ ತಿರುಗಿ ತಿರುಗಿ ಕಡೆದ ಕುಳಿಗಳವು. ನೀರು ಮತ್ತು ಮರಳು ಕೂಡಿ ಮಾಡುವ ಕೆಲಸದ ನಯ ಎಂಥದೆಂದು ಆ ಕುಳಿಗಳ ಅಂಚನ್ನು ಮುಟ್ಟಿ ನೋಡಿದವರಿಗೆ ಗೊತ್ತು.

ಉದ್ಯಮ ಈ ಉಪಾಯವನ್ನು ಬೇಗನೆ ಕೈಗೆತ್ತಿಕೊಂಡಿತು. ಗಾಜಿನ ಮೇಲೆ ಹೂಬಳ್ಳಿ ಬಿಡಿಸಲು, ಸೈನಿಕರ ಸಮಾಧಿಯ ಅಮೃತಶಿಲೆಯ ಮೇಲೆ ಹೆಸರು ಕೆತ್ತಲು, ಎರಕದ ಸಾಮಾನಿಗೆ ಅಂಟಿದ ಅಚ್ಚಿನ ಮಣ್ಣನ್ನು ಉದುರಿಸಲು ಮರಳು ಬಂತು. ಇವುಗಳಲ್ಲಿ ಹೆಚ್ಚು ಗಮನ ಸೆಳೆಯುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಕೆಲಸ.

ಶೆಫೀಲ್ಡ್ ಉಕ್ಕಿನ ಊರು, ಅರಗಳ ಊರು. ಅರದ ಹಲ್ಲನ್ನು ಉಳಿಯಿಂದ ಹೊಡೆದು ಎಬ್ಬಿಸಿದಾಗ ಹಲ್ಲಿನ ತುದಿ ಸ್ವಲ್ಪ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬಳಸಿ ಬಳಸಿ ಸವೆದ ಅರದಲ್ಲಿ ತುದಿ ಮೊಂಡಾಗುತ್ತದೆ. ಟಿಲ್ಗ್‌ಮನ್‌ರ ಹೆಸರಿನ ಕಂಪನಿ ಅಲ್ಲಿ ಅರ ಹರಿತ ಮಾಡುವ ಯಂತ್ರವನ್ನು ಬಳಕೆಗೆ ತಂದಿತು. ತುಂಬಾ ನುಣ್ಣನೆಯ ಮರಳನ್ನು ನೀರಿನಲ್ಲಿ ಕದಡಿ ಕೆಸರಿನ ಹದಕ್ಕೆ ತರುತ್ತಿದ್ದರು. ಹಬೆಯ ಜೆಟ್ ಆ ಕೆಸರನ್ನು ಎಳೆದುಕೊಂಡು ಚಿಮ್ಮುತ್ತಿತ್ತು. ಎದುರುಬದುರಾಗಿ ಓರೆಯಿಟ್ಟ ಎರಡು ಮೂತಿಗಳ ನಡುವೆ ಕೆಲಸಗಾರ ಅರವನ್ನು ಹಿಂದೆ ಮುಂದೆ ಎಳೆಯಬೇಕು. ಕೆಸರು ಹಲ್ಲಿನ ಬೆನ್ನಿಗೆ ಬಡಿದು ಅಲ್ಲಿ ಲೋಹವನ್ನು ತೆಳುವಾಗಿಸುತ್ತದೆ, ಮಡಚಿದ ಅಂಚು ಕರಗುತ್ತದೆ, ತುದಿ ಚೂಪಾಗುತ್ತದೆ. ಹೊಸ ಅರಕ್ಕೂ ಹಳೆಯ ಅರಕ್ಕೂ ಇದೇ ಚಿಕಿತ್ಸೆ. ಒದ್ದೆ ಬ್ಲಾಸ್ಟಿಂಗ್ ಎಂಬ ಹೆಸರು ಹುಟ್ಟುವ ಮುಂಚೆಯೇ ಕೆಲಸ ಮಾಡಿದ ಒದ್ದೆ ಬ್ಲಾಸ್ಟಿಂಗ್ ಯಂತ್ರ ಇದು. ಇಲ್ಲೂ ನೀರು ಬಂದದ್ದು ಹಲ್ಲಿಗಾಗಿ. ಅಷ್ಟು ನುಣ್ಣನೆಯ ಮರಳು ಒಣಗಿದ್ದರೆ ಉಂಡೆಗಟ್ಟುತ್ತಿತ್ತು, ಇಲ್ಲವೆ ಗುರಿ ಮುಟ್ಟುವ ಮುನ್ನವೇ ಹಾರಿಹೋಗುತ್ತಿತ್ತು.

ಆದರೆ ಇಂಥ ಯಂತ್ರ ಒಂದು ಸಣ್ಣ ಮೂಲೆಯಲ್ಲೇ ಉಳಿಯಿತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಗಾಳಿಯ ಕಂಪ್ರೆಸರ್‌ಗಳು ಕಾರ್ಖಾನೆಗಳಿಗೆ ಬಂದವು. ಒಣ ಮರಳು ಹಾಪರ್‌ನಿಂದ ತಾನೇ ಜಾರಿ ಇಳಿಯುತ್ತದೆ. ಒದ್ದೆ ಮರಳು ಕಟ್ಟಿಕೊಳ್ಳುತ್ತದೆ. ಗಾಳಿಯ ಪೈಪನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. ನೀರು ತಾಗಿದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಚಳಿಯ ದೇಶಗಳಲ್ಲಿ ನೀರು ಪೈಪಿನೊಳಗೇ ಹೆಪ್ಪುಗಟ್ಟುತ್ತದೆ. ಒಣ ಬ್ಲಾಸ್ಟಿಂಗ್ ವೇಗವಾಗಿತ್ತು, ಅಗ್ಗವಾಗಿತ್ತು. ಎರಕದ ಕಾರ್ಖಾನೆ, ಹಡಗುಕಟ್ಟೆ, ಸೇತುವೆ, ಬಾಯ್ಲರ್ ಎಲ್ಲ ಕಡೆ ಅದೇ ಹರಡಿತು. ಅದರ ಬೆಲೆಯನ್ನು ಬೇರೆ ಯಾರೋ ಕೊಡುತ್ತಿದ್ದರು.

ಮರಳಿನ ಬಹುಭಾಗ ಸಿಲಿಕಾ. ಕಣವೊಂದು ಉಕ್ಕಿಗೆ ಬಡಿದು ಪುಡಿಯಾದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಏಳುತ್ತವೆ. ಐದು ಮೈಕ್ರಾನಿಗಿಂತ ಚಿಕ್ಕ ಚೂರು ಮೂಗು, ಗಂಟಲುಗಳ ಕಾವಲು ದಾಟಿ ಶ್ವಾಸಕೋಶದ ಗಾಳಿಗೂಡಿನವರೆಗೆ ಹೋಗುತ್ತದೆ. ಅಲ್ಲಿನ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ, ಆ ಜಾಗದಲ್ಲಿ ಗಾಯದ ಗಂಟು ಕಟ್ಟುತ್ತದೆ. ಈಗ ತಾನೇ ಒಡೆದ ಸಿಲಿಕಾ ಹಳೆಯ ದೂಳಿಗಿಂತ ಹೆಚ್ಚು ವಿಷಕಾರಿ. ಬ್ಲಾಸ್ಟಿಂಗ್‌ನಲ್ಲಿ ಏಳುವುದೆಲ್ಲ ಈಗ ತಾನೇ ಒಡೆದದ್ದೇ. ರೋಗದ ಹೆಸರು ಸಿಲಿಕೋಸಿಸ್. ಅದಕ್ಕೆ ಮದ್ದಿಲ್ಲ. ಕೆಲಸ ಬಿಟ್ಟ ಮೇಲೂ ಗಂಟುಗಳು ಬೆಳೆಯುತ್ತವೆ, ಕ್ಷಯ ಸುಲಭವಾಗಿ ಹೊಗುತ್ತದೆ.

ಬ್ರಿಟನ್ನಿನ ಕಾರ್ಖಾನೆಗಳ ವೈದ್ಯಾಧಿಕಾರಿ ಇ.ಆರ್.ಎ. ಮೆರೆವೆದರ್ 1936ರಲ್ಲಿ ಮರಳು ಬ್ಲಾಸ್ಟಿಂಗ್ ಕೆಲಸಗಾರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮೂರೂವರೆ ವರ್ಷಗಳಲ್ಲಿ 441 ಕೆಲಸಗಾರರ ಪೈಕಿ 24 ಮಂದಿ ಸಿಲಿಕೋಸಿಸ್‌ನಿಂದ, ಇಲ್ಲವೆ ಸಿಲಿಕೋಸಿಸ್ ಜೊತೆ ಸೇರಿದ ಕ್ಷಯದಿಂದ ಸತ್ತಿದ್ದರು. ಅವರು ಈ ಕೆಲಸ ಮಾಡಿದ್ದು ಸರಾಸರಿ ಹತ್ತು ವರ್ಷ ಚಿಲ್ಲರೆ. ಬ್ರಿಟನ್ 1949ರಲ್ಲಿ ವಿಶೇಷ ನಿಯಮ ಹೊರಡಿಸಿ, ಬ್ಲಾಸ್ಟಿಂಗ್‌ಗೆ ಮರಳನ್ನೂ ಮುಕ್ತ ಸಿಲಿಕಾ ಇರುವ ಬೇರಾವ ವಸ್ತುವನ್ನೂ ಬಳಸದಂತೆ ನಿಷೇಧಿಸಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಇಂಥದೇ ನಿಷೇಧವನ್ನು ಶಿಫಾರಸು ಮಾಡಿದ್ದು 1974ರಲ್ಲಿ. ಆ ಶಿಫಾರಸು ದೇಶವ್ಯಾಪಿ ಕಾನೂನಾಗಲಿಲ್ಲ. 1992ರಲ್ಲಿ ಅದೇ ಸಂಸ್ಥೆ ಮತ್ತೊಮ್ಮೆ ಎಚ್ಚರಿಕೆ ಹೊರಡಿಸಬೇಕಾಯಿತು.

ದೂಳಿಗೆ ನೀರೇ ಮದ್ದು ಎಂಬುದು ಅಷ್ಟು ಹೊತ್ತಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಬಂಡೆ ಕೊರೆಯುವ ಗಣಿಗಾರರು ಅದನ್ನು ಮೊದಲೇ ಕಲಿತಿದ್ದರು. ಅಮೆರಿಕದ ಡೆನ್ವರ್‌ನ ಜಾರ್ಜ್ ಲೇನರ್ 1890ರ ದಶಕದ ಕೊನೆಯಲ್ಲಿ ಟೊಳ್ಳು ಡ್ರಿಲ್ ತಂದರು. ಮೊದಲು ಟೊಳ್ಳಿನ ಮೂಲಕ ಗಾಳಿ ಊದಿದಾಗ ದೂಳು ಗಣಿಗಾರನ ಮುಖಕ್ಕೇ ಎರಚುತ್ತಿತ್ತು. ಆಮೇಲೆ ಅದೇ ಟೊಳ್ಳಿನಲ್ಲಿ ನೀರು ಹಾಯಿಸಿದಾಗ ದೂಳು ಕೆಸರಾಗಿ ಇಳಿಯಿತು. ಉಪಾಯ ಕೈಯಲ್ಲಿದ್ದೂ 1930ರಲ್ಲಿ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗವನ್ನು ಒಣದಾಗಿಯೇ ಕೊರೆದರು. ಬಂಡೆ ಬಹುಪಾಲು ಶುದ್ಧ ಸಿಲಿಕಾ, ಕೆಲಸ ಬೇಗ ಮುಗಿಯಬೇಕಿತ್ತು, ಕೆಲಸಗಾರರಲ್ಲಿ ಹೆಚ್ಚಿನವರು ದೂರದಿಂದ ಬಂದ ಕಪ್ಪು ಜನ. ಅಲ್ಲಿ ಸತ್ತವರ ಸಂಖ್ಯೆ 764 ಇರಬೇಕೆಂದು ವೈದ್ಯ ಮಾರ್ಟಿನ್ ಚರ್ನಿಯಾಕ್ 1986ರ ತಮ್ಮ ಪುಸ್ತಕದಲ್ಲಿ ಅಂದಾಜು ಮಾಡಿದ್ದಾರೆ. ಅಮೆರಿಕದ ಸಂಸತ್ತಿನಲ್ಲಿ ಅದರ ವಿಚಾರಣೆ ನಡೆದದ್ದೂ ಮೆರೆವೆದರ್ ವರದಿ ಬಂದ 1936ರಲ್ಲೇ.

ನಮ್ಮ ನೆಲದಲ್ಲಿ ಈ ರೋಗದ ದೊಡ್ಡ ದಾಖಲೆ ಬಂದದ್ದು ಕೋಲಾರದ ಚಿನ್ನದ ಗಣಿಗಳಿಂದ. ಕೆಜಿಎಫ್‌ನಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದೊಳಗೆ, ಬೆಣಚುಕಲ್ಲೆಂದರೆ ಸಿಲಿಕಾ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 1940ರಿಂದ 1946ರವರೆಗೆ ನಡೆದ ತಪಾಸಣೆಯಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಭಾರತದ ವೈದ್ಯಕೀಯ ಪಠ್ಯಪುಸ್ತಕಗಳು ಸಿಲಿಕೋಸಿಸ್ ಅಧ್ಯಾಯದಲ್ಲಿ ಇಂದಿಗೂ ಈ ಅಂಕಿಯನ್ನು ಉಲ್ಲೇಖಿಸುತ್ತವೆ. ಕೆಜಿಎಫ್‌ನವರು ಉಸಿರಾಡಿದ್ದು ಬ್ಲಾಸ್ಟಿಂಗ್ ಯಂತ್ರದ ದೂಳನ್ನಲ್ಲ, ಡ್ರಿಲ್ಲಿನ ಮತ್ತು ಮದ್ದು ಸಿಡಿತದ ದೂಳನ್ನು. ಆದರೆ ಎದೆಯೊಳಗೆ ಹೋದ ವಸ್ತು ಒಂದೇ. ಹಾಗಾಗಿ ಒಣ ಮರಳನ್ನು ಕಾಯ್ದೆಯಿಂದ ತಡೆಯುವ ಮಾತು ಬಂದಾಗ ಕರ್ನಾಟಕದ ಮಟ್ಟಿಗೆ ಅದು ಪರದೇಶದ ವಿಷಯವಾಗಿರಲಿಲ್ಲ.

1948ರ ಕಾರ್ಖಾನೆ ಕಾಯ್ದೆಯ 87ನೇ ಕಲಮು ಅಪಾಯಕಾರಿ ಕೆಲಸಗಳನ್ನು ಪಟ್ಟಿ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ರಾಜ್ಯಗಳು ಅದರಡಿ ಮಾಡಿಕೊಂಡ ನಿಯಮಗಳಲ್ಲಿ ಬ್ಲಾಸ್ಟಿಂಗ್‌ಗೆ ಪ್ರತ್ಯೇಕ ಅನುಸೂಚಿ ಬಂತು. ಅದರ ಮಾತು ಬ್ರಿಟನ್ನಿನ 1949ರ ನಿಯಮವನ್ನು ಹೆಜ್ಜೆ ಹೆಜ್ಜೆಗೂ ಹೋಲುತ್ತದೆ: ಮರಳನ್ನು ಬ್ಲಾಸ್ಟಿಂಗ್ ಉಪಕರಣಕ್ಕೆ ಹಾಕಬಾರದು, ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ಒಳಗಿರುವವರಿಗೆ ಶುದ್ಧ ಗಾಳಿ ಹಾಯಿಸುವ ಹೆಲ್ಮೆಟ್ ಕೊಡಬೇಕು. ಕಾಗದದ ಮೇಲೆ ಗಟ್ಟಿಯಾದ ನಿಯಮ ಇದು. ಆದರೆ ಅದು ಹಿಡಿಯುವುದು ಕಾರ್ಖಾನೆಯ ಗೋಡೆಯೊಳಗಿನ ಕೆಲಸವನ್ನು. ರಸ್ತೆ ಬದಿಯ ಗೇಟು, ಗ್ರಿಲ್, ಟ್ಯಾಂಕರ್, ಲಾರಿಯ ಚಾಸಿಗಳನ್ನು ಬಯಲಿನಲ್ಲಿ ಕೆರೆಯುವ ಹುಡುಗ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತಿರುತ್ತಾನೆ. ಐದು ಮೈಕ್ರಾನಿನ ಕಣವನ್ನು ಟವೆಲ್ ತಡೆಯುವುದಿಲ್ಲ.

ಒದ್ದೆ ಯಂತ್ರ ದೊಡ್ಡ ಮಟ್ಟದಲ್ಲಿ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಎರಡು ದಾರಿಗಳಿಂದ. ಒಂದು ದಾರಿ ಎರಕದ ಕಾರ್ಖಾನೆಯದು. ಭಾರೀ ಎರಕದ ಸಾಮಾನನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಅತಿ ಒತ್ತಡದ ನೀರು ಮತ್ತು ಮರಳಿನ ಧಾರೆಯಿಂದ ಅಚ್ಚಿನ ಮಣ್ಣನ್ನು ಕೆಡಹುವ ಹೈಡ್ರೋಬ್ಲಾಸ್ಟ್ ವಿಧಾನದಲ್ಲಿ ದೂಳು ಏಳುತ್ತಿರಲಿಲ್ಲ. ಮಣ್ಣನ್ನು ನೀರಿನಿಂದ ಬೇರ್ಪಡಿಸಿ ಮತ್ತೆ ಅಚ್ಚಿಗೆ ಬಳಸಬಹುದಿತ್ತು. ಇಲ್ಲಿ ಆರೋಗ್ಯದ ಲೆಕ್ಕವೂ ಉಳಿತಾಯದ ಲೆಕ್ಕವೂ ಜೊತೆಗೂಡಿದ್ದವು.

ಇನ್ನೊಂದು ದಾರಿ ವಿಮಾನದ ಎಂಜಿನ್ನಿನದು. ಅಮೆರಿಕದ ಮಿಲ್ವಾಕಿಯ ವೇಪರ್ ಬ್ಲಾಸ್ಟ್ ಕಂಪನಿ 1940ರ ದಶಕದಲ್ಲಿ ‘ಲಿಕ್ವಿಡ್ ಹೋನಿಂಗ್’ ಎಂಬ ಹೆಸರಿನಲ್ಲಿ ತನ್ನ ಯಂತ್ರಗಳನ್ನು ಮಾರಿತು. ಪಿಸ್ಟನ್ನಿನ ಇಂಗಾಲ ತೆಗೆಯಬೇಕು, ಆದರೆ ಅಳತೆ ಕೂದಲೆಳೆಯಷ್ಟೂ ಬದಲಾಗಬಾರದು. ಗೇರಿನ ಹಲ್ಲಿನ ಮೇಲೆ ಉಳಿದ ಸೂಕ್ಷ್ಮ ಗೀರುಗಳನ್ನು ಅಳಿಸಬೇಕು, ಏಕೆಂದರೆ ಬಿರುಕು ಹುಟ್ಟುವುದೇ ಅಂಥ ಗೀರಿನಿಂದ. ಒಣ ಮರಳಿನ ಒರಟು ಏಟು ಇದಕ್ಕೆ ಒಗ್ಗದು. ಬ್ರಿಟನ್ನಿನಲ್ಲಿ ನಾರ್ಮನ್ ಆಶ್‌ವರ್ತ್ ಈ ವಿಧಾನದ ಆರಂಭಿಕರಲ್ಲಿ ಒಬ್ಬರೆಂದು ಹೆಸರಾದರು.

ಈ ಯಂತ್ರವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬೀರುವಿನಂಥ ಲೋಹದ ಪೆಟ್ಟಿಗೆ, ಮುಂದೆ ಗಾಜಿನ ಕಿಟಕಿ, ಅದರ ಕೆಳಗೆ ಎರಡು ತೂತು, ತೂತುಗಳಿಗೆ ಒಳಮುಖವಾಗಿ ಕಟ್ಟಿದ ಉದ್ದ ರಬ್ಬರ್ ಗ್ಲೋವ್ಸ್. ಪೆಟ್ಟಿಗೆಯ ತಳ ಕೊಳವೆಯಂತೆ ಕಿರಿದಾಗುತ್ತ ಹೋಗಿ ಒಂದು ತೊಟ್ಟಿಯಾಗುತ್ತದೆ. ಅಲ್ಲಿ ನೀರು ಮತ್ತು ಗಾಜಿನ ಸಣ್ಣ ಮಣಿ, ಇಲ್ಲವೆ ಅಲ್ಯುಮಿನಾ ಪುಡಿ ಕಲೆಸಿದ ಸ್ಲರಿ. ಐದರಲ್ಲಿ ಒಂದು ಪಾಲಿನಷ್ಟು ಪುಡಿ, ಉಳಿದದ್ದು ನೀರು. ಪಂಪು ಅದನ್ನು ಸದಾ ಕದಡುತ್ತ ಮೇಲಕ್ಕೆ ತಳ್ಳುತ್ತದೆ. ಪಂಪು ನಿಂತರೆ ಪುಡಿ ತಳಕ್ಕಿಳಿದು ಗಟ್ಟಿಯಾಗುತ್ತದೆ. ಮತ್ತೆ ಕದಡಲು ಸಾಕುಸಾಕಾಗುತ್ತದೆ. ಕಾಲಿನ ಪೆಡಲ್ ಒತ್ತಿದರೆ ಗನ್ನಿನೊಳಗೆ ಒತ್ತಡದ ಗಾಳಿ ಬಂದು ಸ್ಲರಿಗೆ ವೇಗ ಕೊಡುತ್ತದೆ. ಕಿಟಕಿಯ ಗಾಜಿಗೆ ಕೆಸರು ರಾಚುವುದರಿಂದ ಒಳಗಿನಿಂದ ನೀರು ಹನಿಸಿ ತೊಳೆಯುವ ಏರ್ಪಾಡು ಇರುತ್ತದೆ. ಸ್ಲರಿ ಲೋಹಕ್ಕೆ ಬಡಿಯುವಾಗ ಲೋಹದ ಮೇಲೆ ನೀರಿನ ತೆಳು ಪೊರೆ ನಿಂತಿರುತ್ತದೆ. ಕಣ ಆ ಪೊರೆಯನ್ನು ಸೀಳಿ ಬಡಿಯುತ್ತದೆ, ಬಡಿದ ಮರುಕ್ಷಣ ನೀರಿನ ಜೊತೆ ಜಾರಿಹೋಗುತ್ತದೆ. ಹಾಗಾಗಿ ಕಣ ಲೋಹದೊಳಗೆ ನಾಟಿಕೊಳ್ಳುವುದಿಲ್ಲ, ಬಿಸಿ ಏಳುವುದಿಲ್ಲ, ಎಣ್ಣೆ ಜಿಡ್ಡೂ ಅದೇ ಸುತ್ತಿನಲ್ಲಿ ತೊಳೆದುಹೋಗುತ್ತದೆ. ಹಿಟ್ಟಿನಷ್ಟು ನುಣ್ಣನೆಯ ಪುಡಿಯನ್ನೂ ಬಳಸಬಹುದು. ಶೆಫೀಲ್ಡ್‌ನ ಅರದ ಯಂತ್ರಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸ ಕಡಿಮೆ.

ಪೆಟ್ಟಿಗೆಯೊಳಗೆ ಗೆದ್ದ ನೀರು ಬಯಲಿನಲ್ಲಿ ಸುಲಭವಾಗಿ ಗೆಲ್ಲಲಿಲ್ಲ. ಹಡಗಿನ ಹೊಟ್ಟೆ, ತೈಲದ ಟ್ಯಾಂಕು, ರೈಲು ಸೇತುವೆಗಳಲ್ಲಿ ಬಣ್ಣ ಬಳಿಯುವ ಮುನ್ನ ಉಕ್ಕನ್ನು ಬೆಳ್ಳಗೆ ಕೆರೆಯಬೇಕು. ಎಷ್ಟು ಬೆಳ್ಳಗೆ ಎಂಬುದಕ್ಕೆ ಸ್ವೀಡನ್ 1967ರಲ್ಲಿ ಚಿತ್ರಗಳಿದ್ದ ಮಾನಕವೊಂದನ್ನು ಹೊರತಂದಿತು. ಅದರ ‘ಎಸ್‌ಎ ಎರಡೂವರೆ’ ಎಂಬ ದರ್ಜೆ ಇಂದು ಮಂಗಳೂರಿನಿಂದ ಮುಂಬೈವರೆಗೆ ಎಲ್ಲ ಬಣ್ಣದ ಗುತ್ತಿಗೆದಾರರ ನಾಲಗೆಯ ಮೇಲಿದೆ. ಆ ದರ್ಜೆಯ ಚಿತ್ರಗಳೆಲ್ಲ ಒಣ ಬ್ಲಾಸ್ಟಿಂಗ್ ಮಾಡಿದ ಉಕ್ಕಿನವು. ಒದ್ದೆಯಾಗಿ ಕೆರೆದ ಉಕ್ಕು ಒಣಗುವ ಮುಂಚೆಯೇ ಕೆಂಚು ತಿರುಗುತ್ತದೆ. ಕಸುಬಿನವರು ಇದನ್ನು ಫ್ಲ್ಯಾಶ್ ರಸ್ಟ್ ಎನ್ನುತ್ತಾರೆ. ಇನ್‌ಸ್ಪೆಕ್ಟರ್ ಕೈಯಲ್ಲಿ ಚಿತ್ರ ಹಿಡಿದು ಬಂದರೆ ಕೆಂಚು ಉಕ್ಕು ಪಾಸಾಗುವುದಿಲ್ಲ. ನೀರಿಗೆ ಸೋಡಿಯಂ ನೈಟ್ರೈಟ್‌ನಂಥ ತುಕ್ಕುತಡೆ ರಾಸಾಯನಿಕ ಬೆರೆಸಿದರು. ಅದು ಉಕ್ಕಿನ ಮೇಲೆ ಉಳಿದರೆ ಬಣ್ಣ ಹಿಡಿಯುವುದು ಸಂಶಯ. ಒದ್ದೆ ಬ್ಲಾಸ್ಟಿಂಗ್‌ಗೆಂದೇ ಪ್ರತ್ಯೇಕ ದರ್ಜೆಗಳನ್ನು ಅಮೆರಿಕದ ಬಣ್ಣ ಮತ್ತು ತುಕ್ಕು ತಜ್ಞರ ಸಂಘಗಳು ಜೊತೆಗೂಡಿ ಹೊರತಂದದ್ದು 2010ರ ದಶಕದಲ್ಲಿ. ಅಲ್ಲಿಯವರೆಗೆ ಒದ್ದೆ ಕೆಲಸವನ್ನು ಒಣ ಕೆಲಸದ ಕಣ್ಣಿನಿಂದಲೇ ಅಳೆಯುತ್ತಿದ್ದರು.

ಈ ನಡುವೆ ಉಪಕರಣಗಳು ಬಗೆಬಗೆಯಾಗಿ ಬೆಳೆದವು. ಹಳೆಯ ಒಣ ನಾಜಲ್ಲಿನ ತುದಿಗೆ ಉಂಗುರವೊಂದನ್ನು ತೊಡಿಸಿ ನೀರಿನ ಪರದೆ ಹಾಯಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ದೂಳು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಪಾತ್ರೆಯೊಳಗೇ ಗ್ರಿಟ್ (ಕೆರೆಯುವ ಕಣ) ಮತ್ತು ನೀರನ್ನು ಬೆರೆಸಿ ಗಾಳಿಗೆ ಕೊಡುವ ಯಂತ್ರದಲ್ಲಿ ಪ್ರತಿ ಕಣವೂ ಒದ್ದೆಯಾಗಿ ಹೊರಡುತ್ತದೆ, ನೀರಿನ ಖರ್ಚೂ ಮಿತ. ಸಮುದ್ರದಂಚಿನಲ್ಲಿ ಇದಕ್ಕೆ ಒಂದು ದೊಡ್ಡ ಅನುಕೂಲವಿದೆ. ಕಾರವಾರದಂಥ ಕರಾವಳಿಯಲ್ಲಿ ನಿಂತ ಉಕ್ಕಿನ ತುಕ್ಕುಗುಂಡಿಗಳಲ್ಲಿ ಉಪ್ಪು ಕೂತಿರುತ್ತದೆ. ಒಣ ಗ್ರಿಟ್ ಅದನ್ನು ಪೂರ್ತಿ ತೆಗೆಯಲಾರದು. ಮೇಲೆ ಬಣ್ಣ ಬಳಿದರೆ ತಿಂಗಳೊಪ್ಪತ್ತಿನಲ್ಲಿ ಬೊಬ್ಬೆ ಏಳುತ್ತದೆ. ನೀರು ಉಪ್ಪನ್ನು ಕರಗಿಸಿ ಒಯ್ಯುತ್ತದೆ. ಹೆಚ್ಚಿನ ಕಡೆ ಗುತ್ತಿಗೆದಾರರ ಮನಸ್ಸು ಬದಲಾದದ್ದು ಈ ಬೊಬ್ಬೆಗಳಿಂದ. ಕೆಲಸಗಾರನ ಎದೆಯ ಎಕ್ಸ್‌ರೇ ಅವರ ಮನಸ್ಸನ್ನು ಬದಲಿಸಿದ್ದು ಅಪರೂಪ.

ನೀರು ಬೆರೆತ ಮಾತ್ರಕ್ಕೆ ಮರಳು ಸಾಧುವಾಗುವುದಿಲ್ಲ. ಹಳೆಯ ಕಟ್ಟಡಗಳ ವಿಷಯದಲ್ಲಿ ಇದು ಕಷ್ಟಪಟ್ಟು ಕಲಿತ ಪಾಠ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1979ರಲ್ಲೇ ಕಿರುಹೊತ್ತಗೆಯೊಂದನ್ನು ಹೊರಡಿಸಿ, ಚಾರಿತ್ರಿಕ ಕಟ್ಟಡಗಳಿಗೆ ಮರಳು ಸಿಡಿಸಬಾರದು, ಒದ್ದೆ ಮರಳೂ ಬೇಡ ಎಂದು ಎಚ್ಚರಿಸಿತು. ಇಟ್ಟಿಗೆಯ ಸುಟ್ಟ ಹೊರಪದರ ಒಮ್ಮೆ ಹೋದರೆ ಒಳಗಿನ ಮೆದು ಭಾಗ ಮಳೆ ಕುಡಿಯಲು ಶುರುವಾಗುತ್ತದೆ. ಒದ್ದೆ ವಿಧಾನದಲ್ಲಿ ಇನ್ನೊಂದು ತೊಡಕಿದೆ: ಕೆಸರು ಕಲ್ಲಿನ ಮೇಲೆ ಪದರವಾಗಿ ಕೂತು, ಎ‌ಷ್ಟು ಸವೆಯಿತು ಎಂಬುದು ಕೆಲಸಗಾರನ ಕಣ್ಣಿಗೆ ಬೀಳುವುದಿಲ್ಲ, ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಗನ್ ಹಿಡಿಯುತ್ತಾನೆ. ತಮಿಳುನಾಡಿನ ಹಲವು ದೇವಾಲಯಗಳಲ್ಲಿ ಕುಂಭಾಭಿಷೇಕಕ್ಕೆ ಮುನ್ನ ಸುಣ್ಣ, ಬಣ್ಣ, ಎಣ್ಣೆಯ ಕಿಟ್ಟ ತೆಗೆಯಲು ಮರಳು ಸಿಡಿಸಿ, ಶಿಲ್ಪಗಳ ಒಡವೆಯ ಗೆರೆಗಳೂ ಶಾಸನಗಳ ಅಕ್ಷರಗಳೂ ಸವೆದುಹೋದವು. ಪರಂಪರೆಯ ಬಗ್ಗೆ ಕಾಳಜಿ ಇರುವವರು ಎಬ್ಬಿಸಿದ ಕೂಗು ದೊಡ್ಡದಾದ ಮೇಲೆಯೇ ಆ ಕೆಲಸಕ್ಕೆ ತಡೆ ಬಿದ್ದದ್ದು. ಅಲ್ಲಿ ಹೋದ ಒಂದು ಅಕ್ಷರವನ್ನು ಯಾವ ಯಂತ್ರವೂ ವಾಪಸು ತರಲಾರದು.

ಶತಮಾನ ಹೊರಳುವ ಹೊತ್ತಿಗೆ ಒಣ ಮರಳು ಯಾರೂ ನಿರೀಕ್ಷಿಸದ ಜಾಗದಲ್ಲಿ ಕಾಣಿಸಿಕೊಂಡಿತು: ಜೀನ್ಸ್ ಪ್ಯಾಂಟಿನ ಮೇಲೆ. ಹೊಸ ಬಟ್ಟೆಗೆ ತೊಟ್ಟು ಹಳತಾದ ನೋಟ ಕೊಡಲು ತೊಡೆಯ ಭಾಗಕ್ಕೆ ಮರಳು ಸಿಡಿಸುತ್ತಿದ್ದರು. ಇಸ್ತಾಂಬುಲ್‌ನ ನೆಲಮಾಳಿಗೆಗಳಲ್ಲಿ, ಕಿಟಕಿ ಮುಚ್ಚಿ, ಹಳ್ಳಿಗಳಿಂದ ಬಂದ ಹದಿಹರೆಯದ ಹುಡುಗರು ಈ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಅವರು ಉಸಿರಾಡಲಾರದೆ ಊರಿಗೆ ಮರಳಿದಾಗ ಟರ್ಕಿಯ ವೈದ್ಯರು ಮೊದಲು ಕ್ಷಯವಿರಬೇಕೆಂದುಕೊಂಡರು. ಬಿಂಗೋಲ್ ಪ್ರಾಂತ್ಯದ ತಾಶ್ಲಿಚಾಯ್ ಎಂಬ ಒಂದೇ ಹಳ್ಳಿಯ ಹಲವಾರು ಯುವಕರು ರೋಗಿಗಳಾಗಿದ್ದರು. 2009ರಲ್ಲಿ ಟರ್ಕಿ ಈ ಕೆಲಸವನ್ನು ನಿಷೇಧಿಸಿತು. ಮರುವರ್ಷ ಲೀವೈಸ್ ಮತ್ತು ಎಚ್ ಅಂಡ್ ಎಂ ತಮ್ಮ ಬಟ್ಟೆಗಳಿಗೆ ಮರಳು ಸಿಡಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿದವು. ಮೆರೆವೆದರ್ ಲೆಕ್ಕ ಕೊಟ್ಟು ಆಗ 74 ವರ್ಷ ಕಳೆದಿತ್ತು.

ಒದ್ದೆ ಯಂತ್ರ ಈಗ ನಮ್ಮ ಊರುಗಳಿಗೂ ಬಂದಿದೆ, ಅದರಲ್ಲೂ ಹಳೆಯ ಬೈಕುಗಳ ಪ್ರೀತಿಯಿಂದ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಆ ಬೈಕುಗಳ ಒಡೆಯರು ಮೆರವಣಿಗೆಯಂತೆ ಸೇರುತ್ತಾರೆ. ಅವುಗಳ ಎಂಜಿನ್ ಕೇಸು ಅಲ್ಯುಮಿನಿಯಂ ಎರಕದ್ದು. ದಶಕಗಳ ಜಿಡ್ಡು, ಕೆಸರು, ಕಪ್ಪು ಹತ್ತಿದ ಆ ಕೇಸಿಗೆ ಒಣ ಮರಳು ಬಿಟ್ಟರೆ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ಸರಂಧ್ರವಾಗುತ್ತದೆ. ಮೊದಲ ಸವಾರಿಯ ಎಣ್ಣೆ ಕಲೆಯೇ ಅಲ್ಲಿ ಶಾಶ್ವತವಾಗಿ ಕೂರುತ್ತದೆ. ಗಾಜಿನ ಮಣಿಯ ಸ್ಲರಿ ಹಾಯಿಸಿದರೆ ಅದೇ ಕೇಸು ಎರಕದ ಕಾರ್ಖಾನೆಯಿಂದ ಈಗ ತಾನೇ ಬಂದಂತೆ ತಣ್ಣನೆ ಹೊಳೆಯುತ್ತದೆ, ಮೇಲ್ಮೈ ಮುಚ್ಚಿಕೊಳ್ಳುತ್ತದೆ.

ಅನುಭವಸ್ಥ ಮೆಕ್ಯಾನಿಕ್‌ಗಳು ಗನ್ ಹಿಡಿಯುವ ಮುನ್ನವೇ ಅರ್ಧ ಕೆಲಸ ಮುಗಿಸಿರುತ್ತಾರೆ. ಬೇರಿಂಗ್ ಕೂರುವ ಜಾಗ, ಬೋಲ್ಟಿನ ಮರೆಗಳು, ಗ್ಯಾಸ್ಕೆಟ್ ಮುಖಗಳನ್ನು ರಬ್ಬರ್ ಬಿರಡೆ ಮತ್ತು ಟೇಪಿನಿಂದ ಮುಚ್ಚುತ್ತಾರೆ. ಮುಗಿದ ಮೇಲೆ ಸೋಪಿನ ಬಿಸಿನೀರಿನಲ್ಲಿ ತೊಳೆದು, ಪ್ರತಿ ತೂತಿಗೂ ಗಾಳಿ ಊದುತ್ತಾರೆ. ಮೂಲೆಯಲ್ಲಿ ಉಳಿದ ಬೊಗಸೆಯಷ್ಟು ಮಣಿಯೂ ಬೇಡ, ಚಿಟಿಕೆ ಸಾಕು, ಕ್ರ್ಯಾಂಕಿನ ಬೇರಿಂಗನ್ನು ಅದು ನುಣ್ಣಗೆ ಅರೆದುಬಿಡುತ್ತದೆ. ತೊಟ್ಟಿಯ ತಳದಲ್ಲಿ ಒಡೆದ ಮಣಿ, ಬಣ್ಣದ ಚೂರು, ಲೋಹದ ಪುಡಿ ಸೇರಿದ ಕೆಸರು ನಿಲ್ಲುತ್ತದೆ. ಅದನ್ನು ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಅಂಗಳಕ್ಕೆ ಸುರಿದರೆ ಎರಡು ದಿನದ ಬಿಸಿಲಿಗೆ ಅದು ಒಣಗಿ, ಹಾಯುವ ಪ್ರತಿ ಗಾಡಿಯ ಹಿಂದೆ ಮತ್ತೆ ದೂಳಾಗಿ ಏಳುತ್ತದೆ.